ಅಪ್ಪನ ಊಟಕ್ಕೆ ನಿಂತ ಬಸ್ಸು

ನಾನು ಚಿಕ್ಕವನಿದ್ದಾಗ ಅಪ್ಪ ಬೆಳ್ತಂಗಡಿ ಮತ್ತು ಮೂಡಬಿದಿರೆ ನಡುವೆ ಓಡುವ ಬಸ್ಸಿನ ಡ್ರೈವರ್ ಆಗಿದ್ದರು. ನಮ್ಮ ಮನೆ ದಾರಿಯ ನಡುವೆ ವೇಣೂರಿನಲ್ಲಿತ್ತು. ಹಾರ್ನ್ ಕೇಳಿದರೆ ಸಾಕು, ನಾನು ರಸ್ತೆಗೆ ಓಡುತ್ತಿದ್ದೆ. ಅಷ್ಟು ದೊಡ್ಡ ಗಾಡಿ ನನ್ನ ಅಪ್ಪನ ಮಾತು ಕೇಳುತ್ತದಲ್ಲ ಎಂದು ನನಗೆ ಜಂಬವೋ ಜಂಬ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಅಪ್ಪ ಕೊನೆಯ ಟ್ರಿಪ್ ಮುಗಿಸಿ ಬರುವಾಗ ಕತ್ತಲಾಗಿರುತ್ತಿತ್ತು, ಆದರೆ ಅವರು ನಿಯಮ ತಪ್ಪಿಸುವವರಲ್ಲ. ಅದಕ್ಕೆ ಸಂಜೆ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಚೂರು ಹೊತ್ತಿನಲ್ಲೇ, ರಾತ್ರಿಯ ಹಸಿವಿಗೂ ಸೇರಿಸಿ ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಗೋಳಿಬಜೆ ಗಬಗಬನೆ ತಿಂದು, ಮೇಲೆ ಕಡಕ್ ಚಹಾ ಸುರಿದುಕೊಂಡು ಸ್ಟೇರಿಂಗ್ ಹಿಡಿಯುತ್ತಿದ್ದರು. ಸೂರ್ಯ ಮುಳುಗುವ ಮೊದಲೇ ತಿಂದೆನಲ್ಲ ಎಂದು ಅವರಿಗೆ ಸಮಾಧಾನ. ಪಾಪ, ಹೊಟ್ಟೆಯನ್ನು ಯಾರೂ ಕೇಳಲಿಲ್ಲ. ಮನೆಗೆ ಬಂದವರೇ ಮಲಗುತ್ತಿದ್ದರು. ಹುಳಿತೇಗು, ಎದೆಯುರಿ, ಗಂಟಲಿಗೆ ಹುಳಿನೀರು.

ಒಂದು ದಿನ ಉರಿ ತಡೆಯಲಾರದೆ ಬಸ್ಸನ್ನು ದಾರಿಬದಿಗೆ ನಿಲ್ಲಿಸಿ, ಎದೆ ಹಿಡಿದು ಕೂತುಬಿಟ್ಟರಂತೆ. ಹೃದಯದ ಕಾಯಿಲೆಯೆಂದೇ ನಾವೆಲ್ಲ ನಡುಗಿಹೋದೆವು. ಡಾಕ್ಟರು ಪರೀಕ್ಷಿಸಿ, ಹೃದಯ ಗಟ್ಟಿಯಾಗಿದೆ, ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿದೆ ಎಂದರು. ಔಷಧ ಕೊಟ್ಟು, ಎಣ್ಣೆ ತಿಂಡಿ, ಖಾರ, ಚಹಾ ಕಡಿಮೆ ಮಾಡಿ, ಸ್ವಲ್ಪಸ್ವಲ್ಪವೇ, ನಿಧಾನವಾಗಿ ತಿನ್ನಿ, ಉಂಡ ಕೂಡಲೇ ಮಲಗಬೇಡಿ ಎಂದರು. ಮಂಚದ ತಲೆಯ ಕಡೆ ಎತ್ತರವಿರಲಿ ಎಂದದ್ದಕ್ಕೆ ಅಮ್ಮ ಆ ಕಡೆಯ ಕಾಲುಗಳಡಿ ಮರದ ತುಂಡು ಇಟ್ಟರು. ಅಪ್ಪನ ಮಗ್ಗುಲಲ್ಲಿ ಮಲಗುತ್ತಿದ್ದ ನಾನು ಬೆಳಗಾಗುವಾಗ ಅವರ ಕಾಲಬುಡದಲ್ಲಿರುತ್ತಿದ್ದೆ! ಆದರೆ ಬಸ್ಸಿನ ಧಣಿಗಳು, ಇನ್ನೊಮ್ಮೆ ಹೀಗಾದರೆ ಬೇರೆ ಡ್ರೈವರನ್ನು ಇಟ್ಟುಕೊಳ್ಳುವುದಾಗಿ ಹೇಳಿದ್ದರು. ಬಸ್ಸಿಲ್ಲದ ಅಪ್ಪನನ್ನು ನೆನೆಸಿಕೊಂಡು ನಾನು ಹಿತ್ತಲಲ್ಲಿ ಕೂತು ಅತ್ತಿದ್ದೆ.

ಅಪ್ಪ ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ ಅಕ್ಕ ಬುತ್ತಿ ಕಟ್ಟಿದಳು. ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ, ಹೆಸರುಬೇಳೆ ತೊವ್ವೆ, ಮೆಣಸು ಹಾಕದ ಸೋರೆಕಾಯಿ ಪಲ್ಯ. ಹೊತ್ತು ಮುಳುಗುವ ಮೊದಲೇ ನಾವಿಬ್ಬರೂ ಅದನ್ನು ಹಿಡಿದು ರಸ್ತೆಗೆ ಹೋದೆವು. ಬುತ್ತಿ ಸುತ್ತಿದ್ದ ಬಾಡಿಸಿದ ಬಾಳೆಎಲೆಯ ಪರಿಮಳ ದಾರಿಯುದ್ದಕ್ಕೂ ನನ್ನ ಮೂಗಿನಲ್ಲೇ ಇತ್ತು. ಧೂಳೆಬ್ಬಿಸುತ್ತ ಬಸ್ಸು ಬಂದು ನಿಂತಿತು. ಬುತ್ತಿ ನೋಡಿ ಅಪ್ಪ ಮುಖ ಗಂಟಿಕ್ಕಿದರು.

"ಬಸ್ಸಿಡೀ ಜನ ಉಂಟು. ಅವರನ್ನೆಲ್ಲ ಕಾಯಿಸಿ ನಾನು ಊಟ ಮಾಡುವುದಾ?"

ಅಕ್ಕನ ಕಣ್ಣು ತುಂಬಿದ್ದು ಕಂಡು ಕೆಳಗಿಳಿದರು. ಮೋರಿಕಟ್ಟೆಯ ಮೇಲೆ ಕೂತು ಅದೇ ಹಳೆಯ ಅವಸರದಲ್ಲಿ ನುಂಗತೊಡಗಿದರು. ಆಗ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಹೆಂಗಸು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ನಿಧಾನ ಊಟ ಮಾಡಿ ಮಾರಾಯ್ರೆ! ನೀವು ಪುನಃ ಎದೆ ಹಿಡ್ಕೊಂಡ್ರೆ ನಮ್ಮನ್ನು ಮನೆಗೆ ಮುಟ್ಟಿಸುವುದು ಯಾರು? ನಾವು ಕಾಯ್ತೇವೆ."

"ಧಣಿಗಳಿಗೆ ನಾನು ಹೇಳ್ತೇನೆ," ಎಂದು ಕಂಡಕ್ಟರ್ ಇಂಜಿನ್ ಬಂದ್ ಮಾಡಿದರು. ಘರಘರ ನಿಂತು ಗದ್ದೆಯ ಕಡೆಯಿಂದ ಹಕ್ಕಿಗಳ ದನಿ ಕೇಳಿಸಿತು. ಜನರು ಇಳಿದು ಕಾಲು ಚಾಚಿದರು, ಎಲೆಯಡಿಕೆ ಹಂಚಿಕೊಂಡರು. ಯಾರೂ ಗೊಣಗಲಿಲ್ಲ. ಅಪ್ಪ ತುತ್ತು ತುತ್ತನ್ನೂ ಅಗಿದು ಉಂಡರು. ಅವರ ಕಣ್ಣಲ್ಲಿ ನೀರಿತ್ತು. ಪಲ್ಯಕ್ಕೆ ಅಕ್ಕ ಮೆಣಸೇ ಹಾಕಿರಲಿಲ್ಲ.

ಅಂದಿನಿಂದ ಬಸ್ಸು ದಿನಾ ಅಲ್ಲಿ ನಿಂತಿತು. ನಿಧಾನವಾಗಿ ಉರಿ ಇಳಿಯಿತು. ವಯಸ್ಸಾಗಿ ತಾವಾಗಿಯೇ ಬಿಡುವವರೆಗೂ ಆ ಬಸ್ಸನ್ನು ಅಪ್ಪನೇ ಓಡಿಸಿದರು. ಆ ಜನರ ಋಣ ನಮ್ಮ ಮನೆಯ ಮೇಲೆ ಇನ್ನೂ ಇದೆ.

ಮಕ್ಕಳೇ, ಈಗ ನನಗೂ ಎದೆಯುರಿ. ನನ್ನ ಮಂಚದಡಿಗೂ ಮರದ ತುಂಡು ಬಂದಿದೆ. ನಿಮ್ಮ ಕಾಲದಲ್ಲಿ ಫೋನ್ ಒತ್ತಿದರೆ ಬಾಗಿಲಿಗೇ ಊಟ ಬರುತ್ತದೆ, ತರುವವನು ಸ್ವಲ್ಪ ತಡಮಾಡಿದರೆ ನೀವು ಚಡಪಡಿಸುತ್ತೀರಿ. ಇವಕ್ಕೆ ತಾಳ್ಮೆಯೇ ಇಲ್ಲ ಎಂದು ನಾನೂ ಗೊಣಗಿದ್ದುಂಟು. ಮೊನ್ನೆ ಸಂಜೆ ನಾನು ಊಟಕ್ಕೆ ಕೂತಿದ್ದಾಗ ನೀವು ಆಟಕ್ಕೆ ಹೊರಟು ನಿಂತಿದ್ದಿರಿ. ನಾನು ಬೇಗಬೇಗ ತುತ್ತು ನುಂಗುವುದನ್ನು ಕಂಡು, ನಿಮ್ಮಲ್ಲಿ ಚಿಕ್ಕವಳು ಬ್ಯಾಟು ಕೆಳಗಿಟ್ಟು ನನ್ನೆದುರು ಬಂದು ಕೂತಳು.

"ನಿಧಾನ ಊಟ ಮಾಡಿ ಅಜ್ಜ, ನಾವು ಕಾಯ್ತೇವೆ."

ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡು ನೀವು ಖಾರವಾ ಎಂದು ಕೇಳಿದಿರಿ. ನನ್ನ ತಟ್ಟೆಯಲ್ಲೂ ಮೆಣಸಿರಲಿಲ್ಲ.