ಗಾಜಿಗೆ ಒತ್ತಿದ ಹಣೆ

ಟಿಲ್‌ಬರ್ಗ್‌ನಲ್ಲಿ ಹುಬ್ಬಳ್ಳಿಯ ಗೆಳತಿ ಆಯೇಷಾಳ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಬೆಳಿಗ್ಗೆ ಹತ್ತಾದರೂ ಅಡುಗೆಮನೆಯ ದೀಪ ಆರಿಸುವಂತಿಲ್ಲ. ಈ ಪರದೇಶದ ಚಳಿಗಾಲದ ಮಬ್ಬು ನನಗಂತೂ ಸಾಕಾಗಿದೆ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿರುವ ಫಿಲಿಪೀನ್ಸಿನ ಮಾರಿಟೆಸ್, ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿಕೊಂಡು ಕೂತಿದ್ದಳು. ವಿಡಿಯೋದಲ್ಲಿ ಆಸ್ಪತ್ರೆಯ ಹಾಸಿಗೆ, ಪಕ್ಕದಲ್ಲಿ ಅವಳ ತಮ್ಮ. ಅವನೊಡನೆ ಅವಳು ನಗುನಗುತ್ತಲೇ ಮಾತಾಡುತ್ತಿದ್ದಳು.

“ಅಕಿ ಅವ್ವಗ ಭಾಳ ಸೀರಿಯಸ್ ಐತಿ,” ಆಯೇಷಾ ನನ್ನ ಕಿವಿಯಲ್ಲಿ ಹೇಳಿದಳು. “ಈಗ ಊರಿಗೆ ಹೋದ್ರ ವಾಪಸ್ ಬರಾಕ ಆಗಂಗಿಲ್ಲ, ವೀಸಾದ್ದು ಪ್ರಾಬ್ಲಮ್. ಮನಿ ನಡೆಯೋದು ಈಕಿ ಒಬ್ಬಾಕಿ ಮ್ಯಾಲ.”

ಅವರ ನಾಡಿನಲ್ಲಿ ಹಿರಿಯರ ಕೈ ಹಿಡಿದು, ಬಾಗಿ, ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಾರಂತೆ. ಆಗ ಹಿರಿಯರು ಬಾಯಿ ತುಂಬ ಹರಸುತ್ತಾರೆ. ಅವಳ ತಮ್ಮ, ಹಾಸಿಗೆಯಲ್ಲಿದ್ದ ತಾಯಿಯ ಕೈ ಎತ್ತಿ ಕ್ಯಾಮರಾ ಮುಂದೆ ಹಿಡಿದ. ಸೂಜಿಯ ಜಾಗಕ್ಕೆ ಪಟ್ಟಿ ಅಂಟಿಸಿದ್ದ ಆ ಕೈ ಪರದೆಯ ತುಂಬ ಬಂತು. ಮಾರಿಟೆಸ್ ಕಣ್ಣು ಮುಚ್ಚಿ ಬಾಗಿದಳು. ಫೋನಿನ ಗಾಜಿಗೆ ಹಣೆ ಒತ್ತಿದಳು.

ಹಣೆ ತಾಗಿ ಕರೆ ಕಟ್ಟಾಯಿತು. ಬದಿಯಲ್ಲಿ ನಿಂತಿದ್ದ ನಮಗೆ ಚಿತ್ರ ಹೋದದ್ದು ಕಂಡಿತು, ಅವಳಿಗೆ ಕಾಣಲಿಲ್ಲ. ಹೇಳಲು ಆಯೇಷಾ ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು.

ಮಾರಿಟೆಸ್ ಹಣೆ ಎತ್ತದೆಯೇ ನಮಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: “ಅಮ್ಮನಿಗೆ ಮಾತಾಡೋಕೆ ಸ್ವಲ್ಪ ಹೊತ್ತು ಬೇಕು. ನಾನು ಕಾಯ್ತೀನಿ.”