ಭಾವನವರ ಎರಡು ಪ್ರೊಸೆಸರ್

ಮದ್ದೂರಿನ ನಮ್ಮ ಮನೆಯ ಒಂದು ಕೋಣೆಯಲ್ಲಿ ಕೂತು ನಾನು ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುತ್ತೇನೆ. ಎಂಜಿನಿಯರುಗಳು ನಕ್ಷೆ ಕೊಡುತ್ತಾರೆ. ಕಟ್ಟಿ ಮುಗಿಸಿದ ಮೇಲೆ ಅದು ಬೀದಿಯಿಂದ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕೆಲಸ. ಕಟ್ಟಿಸುವವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಚೆನ್ನಾಗಿದ್ದ ಗೋಡೆಗೆ ನೇರಳೆ ಬಣ್ಣ ಹಚ್ಚಿಸಿ, ಕಂಬಗಳಿಗೆ ಚಿನ್ನದ ಪಟ್ಟಿ ಸುತ್ತಿಸಿ ಎದ್ದು ಹೋಗುತ್ತಾರೆ. ಅವರ ಅಭಿರುಚಿಯ ಬಗ್ಗೆ ಬಾಯಿಬಿಡುವುದನ್ನು ನಾನು ನಿಲ್ಲಿಸಿ ಬಹಳ ಕಾಲವಾಯಿತು.

ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಸುದ್ದಿ ನಮ್ಮ ಭಾವನವರ ಕಿವಿಗೆ ಬಿತ್ತು. ಅವರು ನನ್ನ ಗಂಡನ ಅಣ್ಣ. ಮಳವಳ್ಳಿಯಲ್ಲಿ ಮದುವೆ ವಿಡಿಯೊ ತೆಗೆಯುತ್ತಾರೆ. ತೆಗೆಯುತ್ತಾರೆ ಅಂದರೆ, ಕ್ಯಾಮೆರಾ ಹಿಡಿಯುವವನು ಒಬ್ಬ, ಕೂತು ಜೋಡಿಸುವವನು ಇನ್ನೊಬ್ಬ. ಭಾವನವರು ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಬೆಳಿಗ್ಗೆಯೇ ಬಂದರು.

“ನೋಡಮ್ಮ, ಒಂದೆತ್ತು ಕಟ್ಕಂಡು ಒಲ ಉಳಕಾಯ್ತದಾ? ಎಲ್ಡು ಪ್ರೊಸೆಸರ್ ಇರದೇ ತಕಬೇಕು. ನಾನೂ ಜೊತೆಗೆ ಬತ್ತೀನಿ.”

ಎತ್ತಿನ ಹಗ್ಗ ಹಿಡಿದವರಲ್ಲ ಅವರು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪಿಗೆ ಪ್ರೊಸೆಸರ್ ಎನ್ನುತ್ತಾರೆ ಎಂಬುದಾದರೂ ಅವರಿಗೆ ಗೊತ್ತಿತ್ತೋ ಇಲ್ಲವೋ. ಒಂದಕ್ಕಿಂತ ಎರಡು ಹೆಚ್ಚು ಎಂಬುದು ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ಮಂಡ್ಯದ ಅಂಗಡಿಯಲ್ಲಿ ಎರಡೂ ಬಗೆ ಇದ್ದವು. ಎರಡು ಪ್ರೊಸೆಸರಿನದು ಬೆಂಗಳೂರಿನ ಯಾವುದೋ ಆಫೀಸು ಬೇಡವೆಂದು ಮಾರಿದ್ದು, ಬೀರುವಿನಷ್ಟು ಭಾರ. ಒಂದೇ ಪ್ರೊಸೆಸರಿನದು ಹೊಸದು. ನಾನು ಪೆನ್‌ಡ್ರೈವಿನಲ್ಲಿ ನನ್ನದೇ ಒಂದು ಮನೆಯನ್ನು ಒಯ್ದಿದ್ದೆ. ಎರಡರಲ್ಲೂ ತೆರೆಸಿದೆ. ದೊಡ್ಡದರಲ್ಲಿ ಮನೆಯನ್ನು ತಿರುಗಿಸಿದರೆ ಮುಗ್ಗರಿಸಿ ಮುಗ್ಗರಿಸಿ ತಿರುಗಿತು. ಹೊಸದರಲ್ಲಿ ಬೆರಳಿನ ಜೊತೆಗೇ ಬಂತು. ಬೆಳಕು ನೆರಳು ಸೇರಿಸಿ ಕೊನೆಯ ಚಿತ್ರ ತೆಗೆಯಲು ಹಚ್ಚಿದಾಗ ಮಾತ್ರ ದೊಡ್ಡದು ಬೇಗ ಮುಗಿಸಿತು.

“ನೋಡ್ದಾ?” ಅಂದರು ಭಾವ.

“ದಿನೆಲ್ಲ ನಾನು ಮಾಡದು ತಿರುಗ್ಸಿ ತಿರುಗ್ಸಿ ಬಣ್ಣ ಬದಲಾಯಿಸೋ ಕೆಲ್ಸ ಭಾವ. ಒಂದು ಪ್ರೊಸೆಸರು ಬಿರುಸಾಗಿದ್ರೆ ಅದಕ್ಕೆ ಸಾಕು. ಚಿತ್ರ ತೆಗೆಯೋದು ಸಾಯಂಕಾಲ ಒಂದ್ಸಲ. ಅದು ಓಡ್ತಿರುವಾಗ ನಾನು ಅಡುಗೆ ಮಾಡ್ಕತೀನಿ.”

“ಎಣ್ಮಕ್ಳು ಯಾವಾಗ್ಲೂ ಚಿಕ್ದಾಗೇ ಯೋಚ್ನೆ ಮಾಡದು ಬುಡು,” ಅಂದರು ಅಂಗಡಿಯವನಿಗೆ. ಅಂಗಡಿಯವನು ನಕ್ಕ. ಅವನು ಇಬ್ಬರಿಗೂ ಮಾರುವ ಆಸೆಯಲ್ಲಿದ್ದ, ಹಾಗೇ ಆಯಿತು. ನಾನು ಒಂದರದ್ದನ್ನು ಕೊಂಡೆ. ಭಾವ ಹಟಕ್ಕೆ ಬಿದ್ದು ಎರಡರದ್ದನ್ನು ಕೊಂಡರು.

ಅದನ್ನು ಸ್ಟುಡಿಯೊದಲ್ಲಿಡದೆ ಮನೆಯ ಹಾಲಿನಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟರು. ಹಚ್ಚಿದರೆ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿದ್ದವು. ನನ್ನ ಓರಗಿತ್ತಿ ಫೋನಿನಲ್ಲಿ, “ಟೀವಿ ಸೌಂಡೇ ಕೇಳಕಿಲ್ಲ ಕಣಮ್ಮ. ಪ್ರೊಸೆಸರ್ ಎಲ್ಡವಂತೆ. ಬುದ್ಧಿ ಒಂದಾದ್ರೂ ಇದ್ದಿದ್ರೆ,” ಅಂದಳು. ಗಂಡ ಅದರಲ್ಲಿ ಇಸ್ಪೀಟು ಆಡುವುದನ್ನು ಬಿಟ್ಟರೆ ಬೇರೇನೂ ಮಾಡುವುದನ್ನು ಅವಳು ಕಂಡಿರಲಿಲ್ಲ.

ಹೀಗಿರುವಾಗ ಸೋಮನಹಳ್ಳಿಯ ಒಬ್ಬರು ಕಲ್ಯಾಣ ಮಂಟಪದ ಕೆಲಸ ತಂದರು. ಅವರಿಗೆ ಚಿತ್ರ ಬೇಡ. ಗೇಟಿನಿಂದ ಊಟದ ಹಾಲಿನವರೆಗೆ ನಡೆದುಕೊಂಡು ಹೋದಂತೆ ಕಾಣುವ ವಿಡಿಯೊ ಬೇಕು, ಅದೂ ಸೋಮವಾರದೊಳಗೆ. ಅಂಥದ್ದಕ್ಕೆ ಒಂದರ ಹಿಂದೊಂದು ಸಾವಿರಾರು ಚಿತ್ರ ತೆಗೆಯಬೇಕು. ನನ್ನ ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಅದರ ನಡಿಗೆ ನೋಡಿದರೆ ಸೋಮವಾರ ಕಳೆದು ಮುಂದಿನ ಸೋಮವಾರವೂ ದಾಟುವಂತಿತ್ತು.

“ಅಣ್ಣನ ಮನೇಲಿ ಮಾಡು,” ಅಂದ ನನ್ನ ಗಂಡ, ಪೇಪರಿನಿಂದ ಮುಖ ಎತ್ತದೆ. ಎತ್ತಿದ್ದರೆ ನನ್ನ ಮುಖ ಕಾಣುತ್ತಿತ್ತು.

ಮಳವಳ್ಳಿ ಬಸ್ಸು ಹತ್ತಿದೆ. ಭಾವ ಇಸ್ಪೀಟು ನಿಲ್ಲಿಸಿ ಕುರ್ಚಿ ಬಿಟ್ಟುಕೊಟ್ಟರು. ಸಿಂಹಾಸನವನ್ನೇ ಬಿಟ್ಟುಕೊಟ್ಟವರ ಹಾಗೆ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರು. ಕೆಲಸಕ್ಕೆ ಹಚ್ಚಿದೆ. ಭಾರ ತಾಳದೆ ಯುಪಿಎಸ್ ಕಿರುಚಿತು, ಓರಗಿತ್ತಿ ಗೊಣಗುತ್ತ ಹೋಗಿ ಫ್ರಿಜ್ ಆರಿಸಿದಳು. ಆ ಗಿರಣಿ ಹಗಲೂ ರಾತ್ರಿ ಮೊರೆಯುತ್ತಲೇ ಇತ್ತು, ಚಿತ್ರಗಳು ಉದುರುತ್ತಲೇ ಇದ್ದವು. ಎರಡು ಚಿಪ್ಪುಗಳೂ ನಿಜವಾಗಿಯೂ ದುಡಿಯುತ್ತಿದ್ದವು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು.

“ನಾನ್ ಯೋಳಿರ್ನಿಲ್ವಾ?”

“ಯೋಳಿದ್ರಿ ಭಾವ.”

ಹಾಗೆ ಒಪ್ಪಿಕೊಳ್ಳಬೇಕಾಯಿತು. ಏನೂ ತಿಳಿಯದ ಮನುಷ್ಯ, ಹಟಕ್ಕೆ ಕೊಂಡ ವಸ್ತು, ಅದು ನನ್ನ ಮಾನ ಉಳಿಸಿತ್ತು. ಅದಕ್ಕಾಗಿ ಅವರ ಮೇಲೆ ಗೌರವ ಹುಟ್ಟಿತೇ ಅಂದರೆ ಇಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಎದುರು ಮನೆಯವರನ್ನು ಕರೆದು, “ನಮ್ಮಲ್ಲಿ ಮಾಡಿದ್ದು, ನೋಡಿ,” ಎಂದು ಮಂಟಪ ತೋರಿಸುತ್ತಿದ್ದರು.

ಸೋಮವಾರ ಮಂಟಪದವರು ವಿಡಿಯೊವನ್ನು ಮೊಬೈಲಿನಲ್ಲಿ, ಅಂಗೈಯಗಲದಲ್ಲಿ ನೋಡಿದರು. ಪೂರ್ತಿಯೂ ನೋಡಲಿಲ್ಲ. “ಬಾಗ್ಲಲ್ಲಿರೋ ಆನೆ ಸಣ್ಣಕಾಯ್ತು ಕಣಮ್ಮ. ಇನ್ನೊಸಿ ದಪ್ಪ ಮಾಡು,” ಅಂದರು.

ಆನೆ ಬೊಂಬೆಗಳನ್ನು ಉಬ್ಬಿಸಿದೆ. ಮಳವಳ್ಳಿಗೆ ಮತ್ತೆ ಹೋಗಲಿಲ್ಲ. ಅಷ್ಟೂ ಚಿತ್ರಗಳನ್ನು ಮತ್ತೆ ತೆಗೆಯಲು ನನ್ನ ಕಂಪ್ಯೂಟರಿಗೇ ಹಚ್ಚಿ, ತಡವಾಗುತ್ತದೆ ಎಂದು ಫೋನ್ ಮಾಡಿ ಹೇಳಿದೆ. ಅವರು ರೇಗಿದರು. ಮಂಟಪಕ್ಕೆ ಆಗ ತಳಪಾಯವನ್ನೂ ತೋಡಿರಲಿಲ್ಲ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಈಗಲೂ ತೋಡಿಲ್ಲ.