ನಮ್ಮ ಮನೆಯ ತೆರಿಗೆ ಕಟ್ಟಿದವರು ಯಾರು

ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಸರಕಾರ ತಾನಾಗಿಯೇ ರೊಕ್ಕ ಕಡಿಮೆ ಮಾಡಿಕೊಳ್ಳುತ್ತದೆ ಎಂದರೆ ನಾನು ಪೂರ್ತಿ ನಂಬುವವನಲ್ಲ, ಆದರೆ ಸಿಗುವುದನ್ನು ಬಿಡುವವನೂ ಅಲ್ಲ. ಬೇಸಿಗೆ ರಜೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಮಸ್ಕಿಯಿಂದ ಬಸ್ ಹತ್ತಿ ಸಿಂಧನೂರಿನ ನಗರಸಭೆಗೆ ಹೋದೆ. ನಾನು ಮಸ್ಕಿಯಲ್ಲಿ ಮಾಸ್ತರ, ಇರುವುದು ಬಾಡಿಗೆ ಮನೆಯಲ್ಲಿ. ಅಪ್ಪ ಕಟ್ಟಿಸಿದ ಸಿಂಧನೂರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅದರ ಖಾತೆ ನನ್ನ ಹೆಸರಿಗೆ ಆಗಿದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಮನೆಯ ನಂಬರ್ ಒತ್ತಿ ನೋಡಿ, "ಈ ವರ್ಷದ್ದು ಕಟ್ಟೈತಲ್ರಿ ಸರ" ಅಂದಳು.

"ನಾ ಕಟ್ಟಿಲ್ರಿ."

"ನೀವು ಕಟ್ಟಿಲ್ಲಂದ್ರ ಯಾರೋ ಕಟ್ಯಾರ. ಚಲೋನಽ ಆತಲ್ಲ."

ಚಲೋ ಎಲ್ಲಿಂದ ಆಗಬೇಕು? ನಮ್ಮ ಕಡೆ ಒಬ್ಬರ ಚಹಾದ ರೊಕ್ಕ ಇನ್ನೊಬ್ಬರು ಕೊಟ್ಟರೇ ಏನೋ ಕೆಲಸ ಇದೆ ಅಂತ ಅರ್ಥ. ಮನೆಯ ತೆರಿಗೆಯನ್ನು ಪುಕ್ಕಟೆ ಯಾರು ಕಟ್ಟುತ್ತಾರೆ? ಮನೆಯ ಜಗಳ ಹಿರಿಯರ ಮುಂದೆ ಬಂದಾಗ ಟ್ರಂಕಿನಿಂದ ಮೊದಲು ಹೊರಬರುವುದು ತೆರಿಗೆ ರಸೀದಿಗಳೇ. ರಸೀದಿ ಇದ್ದವನದೇ ಮನೆ ಅಂತ ಜನ ಈಗಲೂ ನಂಬುತ್ತಾರೆ. ನಾನೂ ಆ ಜನರಲ್ಲಿ ಒಬ್ಬ.

ನನ್ನ ಮುಖ ನೋಡಿ ಆಕೆ ರಸೀದಿಯ ಪ್ರತಿ ತೆಗೆದುಕೊಟ್ಟಳು. "ನೋಡ್ರಿ, ನಿಮ್ಮ ಹೆಸರಽ ಐತಿ. ರೊಕ್ಕ ಯಾರು ಕಟ್ಟಿದ್ರೂ ರಸೀದಿ ಖಾತೆದಾರರ ಹೆಸರಿಲೇ ಬರ್ತೈತಿ. ಟ್ಯಾಕ್ಸ್ ಕಟ್ಟಿದೋರಿಗೆಲ್ಲಾ ಮನಿ ಹೋಗಂಗಿಲ್ರಿ" ಎಂದಳು.

ಹೊರಗೆ ಬೇವಿನ ಮರದ ಕೆಳಗೆ ನಿಂತು ಆ ಹಾಳೆಯನ್ನು ಸಾಲು ಸಾಲಾಗಿ ಓದಿದೆ. ಜಾಗದ ಅಳತೆ, ಕಟ್ಟಡದ ಅಳತೆ, ಸರಕಾರ ನಮ್ಮ ಓಣಿಗೆ ಕಟ್ಟಿದ ಬೆಲೆ, ಕಟ್ಟಡ ಹಳೆಯದಾದದ್ದಕ್ಕೆ ಕಳೆದದ್ದು. ಅದರ ಕೆಳಗೆ ಆರೋಗ್ಯದ ಕರ, ಗ್ರಂಥಾಲಯದ ಕರ, ಭಿಕ್ಷುಕರ ಕರ. ಈ ಕೊನೆಯದನ್ನು ಕಂಡಾಗಲೆಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕೈ ಚಾಚುವವರಿಗೆ ನಾನು ಆಗಲೇ ಕೊಟ್ಟಾಗಿದೆ ಎಂದು ಹೇಳಬೇಕೆನಿಸುತ್ತದೆ. ಎಲ್ಲವೂ ಸರಿಯಾಗಿತ್ತು, ಹೆಸರೂ ನನ್ನದೇ. ಆದರೂ ಆಕೆಯ ಮಾತಿಗೆ ಮನಸ್ಸು ಒಪ್ಪಲಿಲ್ಲ. ಆಫೀಸಿನವರು ಜನ ಬೇಗ ಹೋಗಲಿ ಅಂತ ಏನಾದರೂ ಹೇಳುತ್ತಾರೆ.

ಮೊದಲ ಅನುಮಾನ ಬಾಡಿಗೆಯವನ ಮೇಲೆ. ಅಲ್ಲಿಂದ ನೇರ ಅವನಲ್ಲಿಗೇ ಹೋದೆ. ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವವನು. ಇಷ್ಟು ವರ್ಷ ಬಾಡಿಗೆಯನ್ನು ಒಂದು ಸಲವೂ ತಡ ಮಾಡಿಲ್ಲ, ಅದೂ ನನಗೆ ಆ ದಿನ ಸರಿ ಕಾಣಲಿಲ್ಲ. ನನ್ನನ್ನು ಕೂರಿಸಿ, ಒಳಗೆ ಹೆಂಡತಿಗೆ ದಖನಿ ಉರ್ದುವಿನಲ್ಲಿ ಏನೋ ಅಂದ. ನಾನು ಕಿವಿಗೊಟ್ಟು ಕೇಳಿದರೂ ತಿಳಿದದ್ದು 'ಚಾ' ಒಂದೇ. ಸ್ವಲ್ಪ ಹೊತ್ತಿಗೆ ಚಹಾ ಬಂತು.

"ಮನಿ ಟ್ಯಾಕ್ಸ್ ನೀವೇನರ ಕಟ್ಟೀರೇನು?" ಎಂದು ಕೇಳಿದೆ.

"ನಾ ಯಾಕ ಕಟ್ಟಲ್ರಿ ಮಾಸ್ತರ? ಟ್ಯಾಕ್ಸಿನ ನೆವ ಹೇಳಿ ಬಾಡಿಗಿ ಏರಸಾಕ ಬಂದೀರೇನು ಅಂತ ನಾ ಅಂಜಾಕತ್ತೀನಿ." ನಾನು ಅವನನ್ನು ನೋಡುತ್ತಿದ್ದ ಹಾಗೆಯೇ ಅವನೂ ನನ್ನನ್ನು ನೋಡುತ್ತಿದ್ದ. ಆಮೇಲೆ ನೆನಪಾದವನಂತೆ ಹೇಳಿದ: "ಹ್ವಾದ ವಾರ ಅಕ್ಕಾರು ಬಂದಿದ್ರು. ಒಳಗೆಲ್ಲಾ ಅಡ್ಡಾಡಿ ನೋಡಿದ್ರು. ಬಾಗಲದಾಗಿನ ನಂಬರಿಂದು ಫೋಟೋ ಹೊಡಕೊಂಡು ಹ್ವಾದ್ರು. ನಿಮಗ ಹೇಳಿರಬೇಕು ಅಂತ ತಿಳಕೊಂಡಿದ್ದೆ."

ನನಗೆ ಹೇಳಿರಲಿಲ್ಲ. ನನ್ನ ಒಬ್ಬಳೇ ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದೆ. ಅಪ್ಪನ ನಂತರ ಆಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು, ಮನೆಯಲ್ಲಿ ತನಗೆ ಪಾಲು ಬೇಡವೆಂದು ಹಕ್ಕು ಬಿಟ್ಟು ಸಹಿ ಮಾಡಿದ್ದಳು. ಹೊಸ ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದ್ದೆವು. ಅವತ್ತು ಒಂದು ಮಾತೂ ಆಡಿರಲಿಲ್ಲ. ಎಷ್ಟು ಒಳ್ಳೆಯವಳು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ಅದೇ ಮೌನ ಬೇರೆಯಾಗಿ ಕಾಣತೊಡಗಿತು. ಭಾವನ ಗೆಳೆಯನೊಬ್ಬ ವಕೀಲರ ಹತ್ತಿರ ಗುಮಾಸ್ತ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಲಿಂಗಸುಗೂರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ನನ್ನ ಊರು ಬಂದರೂ ಇಳಿಯಲಿಲ್ಲ. ಕಟ್ಟಿದ ರೊಕ್ಕವನ್ನು ಕೈಗೇ ವಾಪಸ್ ಕೊಟ್ಟುಬಿಟ್ಟರೆ ನಾಳೆ ಯಾರೂ ಏನೂ ಕೇಳುವ ಹಾಗಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ತೆರಿಗೆಯನ್ನು ಕಾರ್ಡಿನಲ್ಲಿ ಕಟ್ಟುವವನಿದ್ದುದರಿಂದ ಕಿಸೆಯಲ್ಲಿ ಅಷ್ಟು ರೊಕ್ಕ ಇರಲಿಲ್ಲ; ಲಿಂಗಸುಗೂರಿನಲ್ಲಿ ಇಳಿದವನೇ ಎಟಿಎಂ ಹುಡುಕಿದೆ.

ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ರೊಟ್ಟಿ ಉಣ್ಣು ಅಂದಳು. ನಾನು ಕೂರುವ ಮೊದಲೇ ಕೇಳಿದೆ: "ಸಿಂಧನೂರು ಮನಿ ಟ್ಯಾಕ್ಸ್ ನೀ ಕಟ್ಟಿದೇನು?"

"ಹ್ಞೂಂ, ನಾನಽ ಕಟ್ಟಿದೆ."

ಇಲ್ಲ ಎನ್ನುತ್ತಾಳೆ, ನಾನು ಗದರಿಸುತ್ತೇನೆ ಎಂದು ತಯಾರಾಗಿ ಬಂದಿದ್ದೆ. ಯಾಕೆ ಎಂದು ಮಾತ್ರ ಕೇಳಿದೆ.

ಅಕ್ಕ ಮೊರ ಕೆಳಗಿಟ್ಟಳು. "ಆ ಮನ್ಯಾಗ ಹುಟ್ಟಿದಾಕಿ ನಾನು. ಲಗ್ನ ಆಗೂಮಟ ಕಸ ಹೊಡದು ಸಾರಿಸಿದಾಕಿ. ಲಗ್ನ ಆದಮ್ಯಾಲ ರೇಷನ್ ಕಾರ್ಡಿನಾಗಿಂದ ನನ್ನ ಹೆಸರು ತಗಸಿದ್ರಿ, ವೋಟಿನ ಲಿಸ್ಟಿನಾಗಿಂದ ತಗಸಿದ್ರಿ. ಖಾತೆದ್ದು ನಾನಽ ಸಹಿ ಮಾಡಿ ಕೊಟ್ಟೆ. ಒಂದು ವರ್ಷ ಟ್ಯಾಕ್ಸ್ ಕಟ್ಟಿದ್ರ ಒಂದು ಚೀಟಿ ಮ್ಯಾಲರ ನನ್ನ ಹೆಸರು ಬರ್ತೈತೇನು ಅಂತ ನೋಡಿದೆ. ಕಂಪ್ಯೂಟರ್ ಅಂಗಡಿಯಾಂವ ರೊಕ್ಕ ಕಟ್ಟಿ ಚೀಟಿ ತಗದು ಕೊಟ್ಟ. ನಿನ್ನ ಹೆಸರಽ ಬಂತು."

ನನಗೆ ಬಹಳ ಸಂಕಟವಾಯಿತು. ಆದರೆ ಸಂಕಟಪಡುತ್ತಲೇ ನಾನು ಕೇಳಿದ ಮಾತು ಇದು: "ವಕೀಲರನ್ನೇನರ ಕೇಳಿದ್ರೇನು?"

ಅಕ್ಕ ಇಲ್ಲ ಎಂದು ತಲೆ ಆಡಿಸಿದಳು.

ನಾನು ರೊಕ್ಕ ತೆಗೆದು ಮುಂದೆ ಹಿಡಿದೆ. ಬೇಡ ಅಂದರೆ ಏನು ಮಾಡುವುದೆಂದು ಅಂಜಿಕೆ ಇತ್ತು. ಆಕೆ ಬೇಡ ಅನ್ನಲಿಲ್ಲ. "ಇದನ್ನ ತಗೊಂಡ್ರ ಆ ಮನ್ಯಾಗ ನಂದು ಏನೂ ಉಳಿಯಂಗಿಲ್ಲ, ಹೌದಿಲ್ಲ?" ಎಂದು ಕೇಳಿದಳು.

"ಹೌದು" ಅಂದೆ.

ಅಕ್ಕ ಕೈ ಚಾಚಿ ರೊಕ್ಕ ತೆಗೆದುಕೊಂಡಳು. ನನಗೆ, ಏನು ಮಾಡಲಿ, ಸಮಾಧಾನವೇ ಆಯಿತು.